ಟಾರ್ಚಿನ ಬೆಳಕಲ್ಲಿ ಕಂಡ ಸೀರಿಯಲ್

ರಿಪೇರಿಯವರು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಅಂಗಡಿಯ ಸೆಟ್‌ಟಾಪ್ ಬಾಕ್ಸ್ ತಗುಲಿಸಿ, ಕರೆಂಟು ಕೊಟ್ಟು, ತಲೆಮೇಲಿನ ಟ್ಯೂಬ್‌ಲೈಟ್ ಆರಿಸಿ, ಷಟರನ್ನು ಅರ್ಧ ಎಳೆದರು. ಕತ್ತಲಲ್ಲಿ ಯಾರೋ ಹೆಂಗಸು ಬಿಕ್ಕುತ್ತಿದ್ದಳು, ಹಿಂದೆ ಪಿಟೀಲು. ತೆರೆ ಮಾತ್ರ ಕಾಡಿಗೆಯಷ್ಟು ಕಪ್ಪು. ಆಮೇಲೆ ಮೊಬೈಲಿನ ಟಾರ್ಚನ್ನು ಗಾಜಿಗೆ ತಾಗಿತೇನೋ ಅನ್ನುವಷ್ಟು ಹತ್ತಿರ ಹಿಡಿದು, ಸ್ವಲ್ಪ ಓರೆ ಮಾಡಿ, “ಇಲ್ಲಿ ಬಗ್ಗಿ ನೋಡಿ ಸಾರ್” ಎಂದರು.

ಬೆಳಕಿನ ಆ ಸಣ್ಣ ಬಿಲ್ಲೆಯೊಳಗೆ ಒಂದು ಜುಮುಕಿ ಅಲ್ಲಾಡುತ್ತಿತ್ತು. ಟಾರ್ಚು ಸರಿದಂತೆ ಕೆನ್ನೆ, ಮೂಗುತಿ, ಒದ್ದೆ ಕಣ್ಣು. ಹಳೇ ಮದುವೆ ಆಲ್ಬಮ್ಮಿನ ಮಾಸಿದ ಫೋಟೋದ ಹಾಗೆ, ಆದರೆ ಚಲಿಸುತ್ತಿತ್ತು. ಇನ್ನೂ ಬಲಕ್ಕೆ ಸರಿಸಿದರೆ ಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದರು. ಮೂರು ವಾರದಿಂದ ‘ಪಿಕ್ಚರ್ ಇಲ್ಲ’ ಎಂದು ನಾವು ಗೋಳಾಡಿದ ಟೀವಿಯಲ್ಲಿ ಅಷ್ಟೂ ದಿನ ಪಿಕ್ಚರ್ ಇತ್ತು. ನಮಗೆ ಕಾಣುತ್ತಿರಲಿಲ್ಲ, ಅಷ್ಟೇ.

“ಲೈಟ್ ಹೋಗಿದೆ. ಪ್ಯಾನೆಲ್ ಬಂಗಾರದಂಗಿದೆ.”

ಇದು ನಡೆದದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಪಕ್ಕದ ಸಂದಿಯೊಂದರ ಮೊದಲ ಮಹಡಿಯಲ್ಲಿ. ಟೀವಿ ನನ್ನ ಅಕ್ಕನದು. 43 ಇಂಚಿನದು, ಅಗ್ಗದ್ದು, ಮೂರು ದೀಪಾವಳಿ ಕಂಡದ್ದು. ಕಂಪನಿಯ ಕಡೆಯಿಂದ ಬಂದ ಹುಡುಗ ಎರಡೇ ನಿಮಿಷ ನೋಡಿ “ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ” ಎಂದು ಸಹಿ ಹಾಕಿಸಿಕೊಂಡು ಹೋಗಿದ್ದ. ಹೊಸದಕ್ಕೆಂದು ಇಪ್ಪತ್ತೈದು ಸಾವಿರ ಹೊಂದಿಸಿಕೊಂಡು ನಾನೂ ಭಾವನೂ ಶೋರೂಮಿಗೆ ಹೊರಟವರು. ಸತ್ತ ಟೀವಿಯನ್ನು ಗುಜರಿಗೆ ಹಾಕುವ ಮುಂಚೆ ಯಾರಿಗಾದರೂ ಒಮ್ಮೆ ತೋರಿಸೋಣವೆಂದು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಹಾಕಿಕೊಂಡಿದ್ದು ಭಾವನ ಜಿಪುಣತನ. ಆ ಜಿಪುಣತನಕ್ಕೆ ನಾನು ಋಣಿ.

ಎಲ್‌ಇಡಿ ಟೀವಿ ಅನ್ನುವುದು ನಿಜಕ್ಕೂ ಎಲ್‌ಸಿಡಿ ಟೀವಿಯೇ, ಎಲ್‌ಇಡಿ ಇರುವುದು ಬೆನ್ನಿಗೆ ಬೆಳಕು ಕೊಡಲು ಮಾತ್ರ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ನೀವೂ ಓದಿರುತ್ತೀರಿ. ಓದುವುದು ಬೇರೆ, ಕಪ್ಪು ಗಾಜಿನೊಳಗೆ ಜುಮುಕಿ ನೋಡುವುದು ಬೇರೆ.

ಬಿಚ್ಚುವಾಗ ಇನ್ನೂ ಮಜಾ. ಮೇಜಿನ ಮೇಲೆ ಹಳೇ ಕಂಬಳಿ ಹಾಸಿ ಟೀವಿಯನ್ನು ಬೋರಲು ಮಲಗಿಸಿ ಬೆನ್ನು ತೆಗೆದರು. ಒಳಗೆ ಮುಕ್ಕಾಲು ಪಾಲು ಖಾಲಿ ತಗಡು. ಮೂಲೆಯಲ್ಲಿ ಅಂಗೈಯಗಲದ ಒಂದು ಬೋರ್ಡು. ‘ಸ್ಮಾರ್ಟ್’ ಎಂದು ಡಬ್ಬದ ಮೇಲೆ ಕೂಗಿಕೊಂಡಿದ್ದೆಲ್ಲ ಅಷ್ಟರಲ್ಲೇ ಇತ್ತು. ಆಮೇಲೆ ಮಗುಚಿ, ಸಹಾಯಕ್ಕೆ ಹುಡುಗನನ್ನು ಕರೆದು, ಇಬ್ಬರೂ ಎರಡು ಕಡೆ ಹಿಡಿದು ಮುಂದಿನ ಗಾಜನ್ನು ಎತ್ತಿದರು. ಹಸಿ ಹಪ್ಪಳ ಬಿಸಿಲಿಗೆ ಒಯ್ಯುವವರ ಹಾಗೆ ಉಸಿರು ಬಿಗಿಹಿಡಿದು. ಇದನ್ನೇ ‘ಓಪನ್ ಸೆಲ್’ ಅನ್ನುವುದು. ಟೀವಿಯ ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಈ ಗಾಜಿನದೇ. ಬಿರುಕು ಬಿಟ್ಟರೆ ಹೊಸ ಟೀವಿಯ ಮಾತು ಬಿಟ್ಟು ಬೇರೆ ಮಾತಿಲ್ಲ. ಅದರಡಿ ಮೂರು ಹಾಳೆ: ಒಂದು ಹಾಲಿನಂತೆ ಮಬ್ಬು, ಒಂದು ಓರೆ ಹಿಡಿದರೆ ಕಾಮನಬಿಲ್ಲು ತೋರುವಂಥದ್ದು, ಇನ್ನೊಂದು ಎಣ್ಣೆ ಕಾಗದದಂಥದ್ದು. ಚುಕ್ಕಿ ಚುಕ್ಕಿಯಾಗಿ ಹೊಮ್ಮುವ ಬೆಳಕನ್ನು ಹರಡಿ, ಮುಂದಕ್ಕೆ ದೂಡುವುದು ಇವುಗಳ ಕೆಲಸ.

ಕಟ್ಟಕಡೆಗೆ ತಳದಲ್ಲಿ, ಬಿಳೀ ಹಾಳೆಯ ತೂತುಗಳಿಂದ ಇಣುಕುವ ಪ್ಲಾಸ್ಟಿಕ್ ಕಣ್ಣುಗಳು, ಇಡ್ಲಿ ತಟ್ಟೆಯ ಹಾಗೆ ಸಾಲಾಗಿ. ಮೂರು ಪಟ್ಟಿ, ಪಟ್ಟಿಗೆ ಎಂಟರಂತೆ ಇಪ್ಪತ್ತನಾಲ್ಕು ದೀಪ. ಇಡೀ ತೆರೆಗೆ ಇಷ್ಟೇ. ನಡುವಿನ ಪಟ್ಟಿಯ ಐದನೆಯದು ಸುಟ್ಟು ಕಪ್ಪಾಗಿತ್ತು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಎಲ್ಲವೂ ಒಂದೇ ಸರದಲ್ಲಿ ಇರುವುದರಿಂದ ಒಂದು ಹೋದರೆ ಎಲ್ಲವೂ ಹೋದಂತೆ. ಒಂದು ಸೀರಿಯಲ್ ಸೆಟ್ ಕೆಟ್ಟು ಅಕ್ಕನ ಸೀರಿಯಲ್ ನಿಂತಿತ್ತು.

“ಅಗ್ಗದ ಟೀವೀಲಿ ದೀಪ ಕಮ್ಮಿ ಹಾಕ್ತಾರೆ. ಕಮ್ಮಿ ದೀಪದಲ್ಲಿ ಜಾಸ್ತಿ ಬೆಳಕು ಬೇಕಲ್ಲ, ಅದಕ್ಕೆ ಕರೆಂಟು ದಬಾಯಿಸ್ತಾರೆ. ನೀವು ಮನೇಲಿ ಬ್ಯಾಕ್‌ಲೈಟ್ ನೂರಕ್ಕೆ ನೂರು ಇಟ್ಕೋತೀರಿ. ಪಾಪ, ಅದೇನು ಮಾಡುತ್ತೆ?” ಇದು ರಿಪೇರಿಯವರ ಸಿದ್ಧಾಂತ. ಅರವತ್ತಕ್ಕೆ ಇಳಿಸಿದರೆ ಆಯಸ್ಸು ಹೆಚ್ಚುತ್ತದಂತೆ. ಬಿಸಿ ಕಡಿಮೆಯಾದರೆ ಎಲ್‌ಇಡಿ ಬಾಳುತ್ತದೆ ಅನ್ನುವುದು ಸರಿಯಾದ ಮಾತೇ. ಮೂರೂ ಪಟ್ಟಿ ಬದಲಿಸಿ, ಗಾಜು ಕೂರಿಸಿ, ಎರಡು ಗಂಟೆಯಲ್ಲಿ ಟೀವಿ ಕೈಗಿತ್ತರು. ಖರ್ಚಾದದ್ದು ಎರಡು ಸಾವಿರಕ್ಕೂ ಕಮ್ಮಿ.

ನಾನು ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿದ್ದು ತಪ್ಪಾಯಿತು; ಅದರಿಂದ ಒಂದು ವಾರ ನಿದ್ದೆ ಕೆಟ್ಟಿತು. ಯಾಕೆ 32, 43, 55, 65? ಎಲ್ಲವೂ ನಲವತ್ತೋ ಐವತ್ತೋ ಅರವತ್ತೋ ಅಂತ ಗುಂಡಾಗಿ ಯಾಕಿಲ್ಲ? ಅವರು ತಲೆಯೆತ್ತದೆ “ಕಟಿಂಗ್ ಸಾರ್” ಎಂದರು.

ಕಟಿಂಗೇ ಹೌದು. ಟೀವಿಯ ಗಾಜು ಒಂದೊಂದಾಗಿ ತಯಾರಾಗುವುದಿಲ್ಲ. ಕೋಣೆಯಷ್ಟು ದೊಡ್ಡ ತಾಯಿಗಾಜಿನ ಮೇಲೆ ಒಟ್ಟಿಗೆ ಹಲವು ತೆರೆ ಮೂಡಿಸಿ, ಆಮೇಲೆ ಮೈಸೂರು ಪಾಕಿನ ತಟ್ಟೆಯಂತೆ ಕತ್ತರಿಸುತ್ತಾರೆ. ಮೈಸೂರು ಪಾಕಿನ ಅಂಚಿನ ಚೂರು ಮಕ್ಕಳ ಪಾಲು. ಗಾಜಿನ ಅಂಚು ಯಾರಿಗೂ ಬೇಡದ ದಂಡ. ಹಾಗಾಗಿ ದಂಡ ಕಡಿಮೆಯಾಗುವ ಅಳತೆಯೇ ಅಗ್ಗ. ಉದ್ಯಮದಲ್ಲಿ ‘8.5ನೇ ಪೀಳಿಗೆ’ ಎನ್ನುವ ಕಾರ್ಖಾನೆಯ ತಾಯಿಗಾಜು 2200 ಮಿ.ಮೀ. ಅಗಲ, 2500 ಮಿ.ಮೀ. ಉದ್ದ. 55 ಇಂಚಿನ ತೆರೆ ಸುಮಾರು 1218ಕ್ಕೆ 685. ಉದ್ದಕ್ಕೆ ಎರಡು, ಅಗಲಕ್ಕೆ ಮೂರು, ಒಟ್ಟು ಆರು. ಅಂಚಿನಲ್ಲಿ ಗೇಣುದ್ದವೂ ಉಳಿಯುವುದಿಲ್ಲ. 32 ಇಂಚಿನದು ಸುಮಾರು 708ಕ್ಕೆ 398. ಅದೇ ಗಾಜಿನಲ್ಲಿ ಸರಿಯಾಗಿ ಹದಿನೆಂಟು. ಕರೆಂಟು ಬಿಲ್ಲಿನ ಹಿಂಬದಿಯಲ್ಲಿ ಈ ಲೆಕ್ಕ ಬರೆದಾಗ ಆದ ಖುಷಿ ನನ್ನ ಹೆಂಡತಿಗೆ ಅರ್ಥವಾಗಲಿಲ್ಲ.

65ಕ್ಕೆ ಬಂದರೆ ಫಜೀತಿ. ಅದು ಸುಮಾರು 1439ಕ್ಕೆ 809. ಈ ಗಾಜಿನಲ್ಲಿ ಮೂರೇ ಹಿಡಿಯುತ್ತವೆ. ಪಕ್ಕದಲ್ಲಿ ಮುಕ್ಕಾಲು ಮೀಟರ್ ಪಟ್ಟಿ ಉಳಿದುಬಿಡುತ್ತದೆ. ಜಾಣರು ಏನು ಮಾಡಿದರು? ಆ ಪಟ್ಟಿಯಲ್ಲಿ ಎರಡು 55 ಇಂಚು ಮಲಗಿಸಿದರು. ಪಂಚೆಯ ಬಟ್ಟೆಯಲ್ಲಿ ಮಗುವಿಗೊಂದು ಜುಬ್ಬಾ ಹೊರಡಿಸುವ ನಮ್ಮೂರ ದರ್ಜಿಯ ಬುದ್ಧಿ. 2018ರ ಹೊತ್ತಿಗೆ ಚೀನಾದಲ್ಲಿ ‘10.5ನೇ ಪೀಳಿಗೆ’ ಶುರುವಾಯಿತು. ಅದರ ಗಾಜು 2940ಕ್ಕೆ 3370. ಈಗ 65 ಇಂಚಿನವು ಎಂಟು, 75ರವು ಆರು ಸಲೀಸಾಗಿ ಸಿಗುತ್ತವೆ. ದೊಡ್ಡ ಟೀವಿ ದಿಢೀರನೆ ಅಗ್ಗವಾದದ್ದಕ್ಕೆ ಕಂಪನಿಗಳ ಔದಾರ್ಯ ಕಾರಣವಲ್ಲ. ಅಕ್ಕನ 43 ಇಂಚಿನದು ಅದರಲ್ಲಿ ಎಷ್ಟು ಹಿಡಿಯುತ್ತದೆಂದು ಲೆಕ್ಕ ಹಾಕಿದೆ. ಮತ್ತೆ ಹದಿನೆಂಟು!

ನಮ್ಮ ದೇಶದಲ್ಲಿ 32ಕ್ಕೆ ಇನ್ನೊಂದು ಕೊಡೆಯೂ ಇತ್ತು. 2019ರ ಜನವರಿಯಿಂದ 32 ಇಂಚಿನವರೆಗಿನ ಟೀವಿಗೆ ಶೇ 18 ಜಿಎಸ್‌ಟಿ, ಅದರ ಮೇಲಿನದಕ್ಕೆ ಶೇ 28. 2025ರ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ 18 ಆಗಿದೆ. ‘32 ಸಾಕು’ ಎನ್ನುತ್ತಿದ್ದವರು 43ರ ಕಡೆ ಕತ್ತು ತಿರುಗಿಸಲು ಇದೂ ಒಂದು ನೆಪ.

ಚರಿತ್ರೆಯ ಮಾತು ಬೇಗ ಮುಗಿಸುತ್ತೇನೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ, ಮರುವರ್ಷ ಏಷ್ಯಾಡ್ ನೆಪದಲ್ಲಿ ದೇಶಕ್ಕೆ ಬಣ್ಣ. ಡಬ್ಬಾ ಟೀವಿ ಹೋಯಿತು. ಪ್ಲಾಸ್ಮಾ ಬಂದು, ಕರೆಂಟು ಕುಡಿದು, 2014ರ ಹೊತ್ತಿಗೆ ಕಣ್ಣು ಮುಚ್ಚಿತು. ಉಳಿದದ್ದು ದ್ರವಸ್ಫಟಿಕ, ಅಂದರೆ ಎಲ್‌ಸಿಡಿಯ ‘ಎಲ್‌ಸಿ’. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ರೈನಿಟ್ಸರ್ ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲಿನ ಸಂಯುಕ್ತವೊಂದರಲ್ಲಿ ಕಂಡ, ಅತ್ತ ಘನವೂ ಅಲ್ಲದ ಇತ್ತ ದ್ರವವೂ ಅಲ್ಲದ ಸ್ಥಿತಿ. ಇಲ್ಲಿ ನಮ್ಮ ಊರಿನ ಒಂದು ಪಾಲು ಇದೆ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಸೇರಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು; ಅಲ್ಲಿಯವರೆಗೆ ಕಡ್ಡಿಯಾಕಾರದವೇ ಎಲ್ಲರಿಗೂ ಗೊತ್ತಿದ್ದದ್ದು. ಈ ಚಂದ್ರಶೇಖರ್ ನೊಬೆಲ್ ಪಡೆದ ಖಗೋಳದ ಚಂದ್ರಶೇಖರ್ ಅಲ್ಲ. ಇಬ್ಬರೂ ಸಿ.ವಿ. ರಾಮನ್ನರ ಒಡಹುಟ್ಟಿದವರ ಮಕ್ಕಳು ಎನ್ನುವುದು ಮಾತ್ರ ನಿಜ. ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಬಿಲ್ಲೆ ಅಣುಗಳ ತೆಳುಪೊರೆ ಮಾಡಿ ಎಲ್‌ಸಿಡಿ ತೆರೆಗೆ ಅಂಟಿಸಿತು. ಪಕ್ಕದಲ್ಲಿ ಕೂತವರಿಗೂ ಚಿತ್ರ ಕಾಣಲೆಂದು. ಇದನ್ನು ರಿಪೇರಿಯವರಿಗೆ ಉತ್ಸಾಹದಿಂದ ಹೇಳಿದೆ. “ಓಹ್” ಎಂದು ಸ್ಕ್ರೂಡ್ರೈವರ್ ಹುಡುಕಿದರು.

ಪಕ್ಕದಲ್ಲಿ ಕೂತವರ ವಿಚಾರಕ್ಕೆ ಬಂದೆನಲ್ಲ, ಅಲ್ಲಿಂದಲೇ ಶೋರೂಮಿನ ಕಥೆ. ಅಕ್ಕನ ಟೀವಿ ಎದ್ದು ಕೂತಿದ್ದರಿಂದ ಹೊಂದಿಸಿದ ದುಡ್ಡಿನಲ್ಲಿ ತಿಪಟೂರಿನ ಅಮ್ಮನಿಗೊಂದು 32 ಇಂಚು ಎಂದು ತೀರ್ಮಾನವಾಯಿತು. ಅಮ್ಮ ಟೀವಿಯ ಎದುರು ಕೂರುವವರಲ್ಲ. ಗೋಡೆಗೊರಗಿ, ನೆಲದ ಮೇಲೆ, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಓರೆಯಾಗಿ ನೋಡುವವರು. ಟೀವಿಯೋ ಬಾಗಿಲ ತಲೆಯ ಮಟ್ಟದಲ್ಲಿ ತೂಗುಹಾಕಿದ್ದು. ತೆರೆಗಳಲ್ಲಿ ಎರಡು ಜಾತಿ: ‘ವಿಎ’ದಲ್ಲಿ ಕಪ್ಪು ಚೆನ್ನಾಗಿ ಕಪ್ಪು, ಆದರೆ ಓರೆಯಿಂದ ನೋಡಿದರೆ ಬಣ್ಣ ತೊಳೆದುಹೋಗುತ್ತದೆ, ‘ಐಪಿಎಸ್’ನಲ್ಲಿ ಕಪ್ಪು ಬೂದಿಬೂದಿ, ಓರೆಯಿಂದಲೂ ಬಣ್ಣ ನಿಲ್ಲುತ್ತದೆ. ವಿಮರ್ಶಕರೆಲ್ಲ ವಿಎಯನ್ನು ಹೊಗಳುತ್ತಾರೆ, ಕತ್ತಲ ಕೋಣೆಯಲ್ಲಿ ಒಬ್ಬನೇ ಸೋಫಾದ ನಟ್ಟನಡುವೆ ಕೂತು ನೋಡುವವರು ಅವರು. ನಮ್ಮ ಮನೆಗಳಲ್ಲಿ ಹಾಗೆ ಕೂರುವ ಭಾಗ್ಯ ಯಾರಿಗಿದೆ? ಅಮ್ಮನಂಥವರಿಗೆ ಐಪಿಎಸ್ಸೇ ಸರಿ ಎನ್ನುವುದು ನನ್ನ ಹಟ.

ಯಾವುದು ಯಾವ ಜಾತಿ ಎಂದು ಡಬ್ಬದ ಮೇಲೆ ಬರೆದಿರುವುದು ಅಪರೂಪ. ಹಾಗಾಗಿ ನಾನು ಶೋರೂಮಿನ ನೆಲದ ಮೇಲೆ ಕೂತೆ. ಗೋಡೆಗೊರಗಿ, ಅಮ್ಮನ ಕೋನದಲ್ಲಿ. ಮಾರಾಟದ ಹುಡುಗ “ಸಾರ್, ಚೇರ್ ಹಾಕಿಸ್ಲಾ?” ಎಂದು ಕಂಗಾಲಾದ. ಕೆಳಗಿನಿಂದ ನೋಡಿದಾಗ ಆರರಲ್ಲಿ ನಾಲ್ಕು ಟೀವಿಗಳ ನವಿಲು ಬಿಳಿಚಿಕೊಂಡಿತು. ಆ ನವಿಲೂ ಒಂದು ಮೋಸವೇ. ಅಂಗಡಿಯಲ್ಲಿ ಓಡಿಸುವ ಚಿತ್ರದಲ್ಲಿ ನವಿಲು, ಗಿಳಿ, ಮಾವಿನಹಣ್ಣು, ಹೋಳಿ ಬಣ್ಣ ಬಿಟ್ಟು ಬೇರೇನೂ ಇರುವುದಿಲ್ಲ, ಮೇಲೆ ‘ವಿವಿಡ್’ ಮೋಡ್. “ನ್ಯೂಸ್ ಚಾನೆಲ್ ಹಾಕಪ್ಪಾ” ಎಂದೆ. ಮನುಷ್ಯರ ಮುಖ ಮನುಷ್ಯರ ಬಣ್ಣದಲ್ಲಿ ಇದೆಯೇ ಎನ್ನುವುದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ.

ಹುಡುಗ ಬಿಡಲಿಲ್ಲ. ಫುಲ್ ಎಚ್‌ಡಿ ತಗೊಳ್ಳಿ ಎಂದ. 32 ಇಂಚಿನ ಎಚ್‌ಡಿ ರೆಡಿ ತೆರೆಯಲ್ಲಿ ಅಡ್ಡಕ್ಕೆ 1366 ಚುಕ್ಕಿ. ಒಂದೊಂದೂ ಅರ್ಧ ಮಿಲಿಮೀಟರಿನಷ್ಟು. ಆರಡಿ ದಾಟಿ ಕೂತರೆ ಸಾಮಾನ್ಯ ಕಣ್ಣಿಗೆ ಅದು ಬಿಡಿಬಿಡಿಯಾಗಿ ಕಾಣದು. ಅಮ್ಮ ಹತ್ತಡಿ ದೂರ. ಎಚ್‌ಡಿಆರ್ ಇದೆ ಎಂದ. ಸಾವಿರ ನಿಟ್ ಬೆಳಕಿಗೆಂದು ಹದಮಾಡಿದ ಸಿನಿಮಾವನ್ನು ಇನ್ನೂರೈವತ್ತು, ಮುನ್ನೂರು ನಿಟ್ಟಿನ ಅಗ್ಗದ ತೆರೆ ‘ಸ್ವೀಕರಿಸಬಲ್ಲದು’ ಎನ್ನುವುದಷ್ಟೇ ಆ ಸ್ಟಿಕ್ಕರಿನ ಅರ್ಥ. ಅತ್ತ ಇನ್ನೊಂದು ಟೀವಿಯ ಮೇಲೆ ಕೊಡಾಕ್ ಎಂದು ಬರೆದಿತ್ತು. ಭಾವನಿಗೆ ತಮ್ಮ ಹಳೇ ರೀಲ್ ಕ್ಯಾಮೆರಾ ನೆನಪಾಗಿ ಕಣ್ಣರಳಿತು. ಆ ಹೆಸರು, ಥಾಮ್ಸನ್, ಬ್ಲಾಪುಂಕ್ಟ್ ಈ ಮೂರನ್ನೂ ಪರವಾನಗಿ ಪಡೆದು ಇಲ್ಲಿ ಟೀವಿ ಮಾಡುವುದು ಒಂದೇ ಭಾರತೀಯ ಕಂಪನಿ, ಸೂಪರ್ ಪ್ಲಾಸ್ಟ್ರಾನಿಕ್ಸ್. ತಪ್ಪೇನಿಲ್ಲ, ಆದರೆ ನೆನಪಿಗೆ ದುಡ್ಡು ಕೊಡುತ್ತಿದ್ದೇವೋ ಗಾಜಿಗೋ ಎನ್ನುವುದು ಗೊತ್ತಿರಲಿ. ನಾನು ಹುಡುಗನನ್ನು ಕೇಳಿದ್ದು ಎರಡೇ: ಗೂಗಲ್ ಅಧಿಕೃತವಾಗಿ ಒಪ್ಪಿದ ಸಾಫ್ಟ್‌ವೇರೋ ಅಥವಾ ಬರೀ ಆಂಡ್ರಾಯ್ಡ್ ಹೆಸರೋ, ತಿಪಟೂರಿಗೆ ಬಂದು ರಿಪೇರಿ ಮಾಡುವವರು ಇದ್ದಾರೋ. ಎರಡನೆಯದಕ್ಕೆ ಅವನು ಮ್ಯಾನೇಜರನ್ನು ಕರೆಯಬೇಕಾಯಿತು.

ನೆಲದಿಂದಲೂ ಮುಖ ಮುಖವಾಗಿಯೇ ಕಂಡ ಒಂದನ್ನು ಕೊಂಡೆವು. ಅಮ್ಮ ಕೇಳಿದ ಒಂದೇ ಪ್ರಶ್ನೆ, “ಹಳೇದರ ಹಾಗೆ ಮೇಲೆ ಗೊಂಬೆ ಇಡೋಕಾಗಲ್ವಲ್ಲೋ?”

ಅಕ್ಕನ ಟೀವಿಯ ಬ್ಯಾಕ್‌ಲೈಟನ್ನು ನಾನೇ ಅರವತ್ತಕ್ಕೆ ಇಳಿಸಿ ಬಂದಿದ್ದೆ. ತಿಂಗಳ ಮೇಲೆ ಹೋದಾಗ ಹಾಲು ಚೆಲ್ಲಿದಂತೆ ಉರಿಯುತ್ತಿತ್ತು. ರಿಮೋಟ್ ಒತ್ತಿ ನೋಡಿದರೆ ನೂರು. “ಮಂಕಾಗಿತ್ತು ಕಣೋ, ಅವಳ ಸೀರೆ ಅಂಚಿನ ಬಣ್ಣವೇ ತಿಳೀತಿರ್ಲಿಲ್ಲ” ಎಂದಳು. ಭಾವ ಮಾತಾಡಲಿಲ್ಲ. ಎಸ್.ಪಿ. ರೋಡಿನ ರಿಪೇರಿಯವರ ಕಾರ್ಡನ್ನು ಆಗಲೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು.