ರಾಷ್ಟ್ರಪತಿ ಪದವಿ ಮತ್ತು ಪಕ್ಷಾತೀತತೆ

ನಮ್ಮ ಶಾಲೆಯ ಚರ್ಚಾಕೂಟದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, “ರಾಜಕೀಯದ ಸೋಂಕಿಲ್ಲದವರೇ ರಾಷ್ಟ್ರಪತಿಗಳಾಗಬೇಕು” ಎಂದು ವಾದಿಸಿ ಸಭೆಯ ಕರತಾಡನಕ್ಕೆ ಪಾತ್ರಳಾದಳು. ತೀರ್ಪುಗಾರನಾಗಿ ಕುಳಿತಿದ್ದ ನಾನು ಪ್ರಥಮ ಬಹುಮಾನವನ್ನೂ ಆಕೆಗೇ ಕೊಟ್ಟೆನು. ಮನೆಗೆ ಮರಳಿದ ಮೇಲೆ, ಅಂತಹ ಅಭ್ಯರ್ಥಿ ನಿಜವಾಗಿ ದೊರೆಯುವುದುಂಟೆ ಎಂಬ ಸಂಶಯ ನನ್ನನ್ನು ಕಾಡತೊಡಗಿತು.

‘ಪಕ್ಷ’ವೆಂದರೆ ಸಂಸ್ಕೃತದಲ್ಲಿ ರೆಕ್ಕೆಯೆಂದೂ ಅರ್ಥವಿದೆ. ರೆಕ್ಕೆಯಿಲ್ಲದ ಹಕ್ಕಿ ಈ ಪದವಿಯವರೆಗೆ ಹಾರಲಾರದು. ಪಂಡಿತನ ಶ್ಲೇಷೆಯನ್ನು ವಾಚಕರು ಮನ್ನಿಸಬೇಕು. ಈ ಚುನಾವಣೆಯಲ್ಲಿ ಮತದಾರರೆಂದರೆ ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. 1997ರಿಂದೀಚೆಗೆ ನಾಮಪತ್ರಕ್ಕೆ ಅವರಲ್ಲಿಯೇ 50 ಮಂದಿ ಸೂಚಕರೂ 50 ಮಂದಿ ಅನುಮೋದಕರೂ ಬೇಕು. ಪಕ್ಷಗಳ ಬೆಂಬಲವಿಲ್ಲದೆ ಇಷ್ಟು ಸಹಿಗಳನ್ನು ಕೂಡಿಸುವುದು ದುಸ್ಸಾಧ್ಯ. 1967ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರ ಸ್ಥಾನವನ್ನು ತ್ಯಜಿಸಿ ಬಂದ ಕೆ. ಸುಬ್ಬರಾವ್ ಅವರೂ ವಿರೋಧಪಕ್ಷಗಳ ಅಭ್ಯರ್ಥಿಯಾಗಿಯೇ ನಿಂತು, ಜಾಕಿರ್ ಹುಸೇನರೆದುರು ಪರಾಭವಗೊಂಡರು.

2002ರಲ್ಲಿ ಆಯ್ಕೆಯಾದ ಎ.ಪಿ.ಜೆ. ಅಬ್ದುಲ್ ಕಲಾಂ ಅವರಂತೂ ಯಾವ ಪಕ್ಷಕ್ಕೂ ಸೇರದ ವಿಜ್ಞಾನಿ. ಆದರೂ ಅವರ ಹೆಸರನ್ನು ಮುಂದಿಟ್ಟದ್ದು ವಾಜಪೇಯಿಯವರ ಆಳುವ ಮೈತ್ರಿಕೂಟ, ಕಾಂಗ್ರೆಸ್ಸು ಕೈಜೋಡಿಸಿತು, ಎಡಪಕ್ಷಗಳು ಲಕ್ಷ್ಮೀ ಸೆಹಗಲ್ ಅವರನ್ನು ಪ್ರತಿಸ್ಪರ್ಧಿಯಾಗಿ ನಿಲ್ಲಿಸಿದವು. ಪದವಿಗೇರಿದ ಬಳಿಕವೂ ರಾಜಕೀಯವು ಅವರನ್ನು ಬಿಡಲಿಲ್ಲ. 2005ರ ಮೇ ತಿಂಗಳಲ್ಲಿ, ಬಹುಮತವಾರಿಗೂ ದೊರೆಯದಿದ್ದ ಬಿಹಾರ ವಿಧಾನಸಭೆಯ ವಿಸರ್ಜನೆಗೆ ಮಂತ್ರಿಮಂಡಲದ ಸಲಹೆ ಬಂದಾಗ ಕಲಾಂ ಅವರು ಮಾಸ್ಕೋದಲ್ಲಿದ್ದರು; ಅಲ್ಲಿಂದಲೇ ಅಂಕಿತ ಹಾಕಿದರು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ವಿಸರ್ಜನೆಯನ್ನು ಅಸಾಂವಿಧಾನಿಕವೆಂದಿತು. ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರ 1978ರ 44ನೆಯ ತಿದ್ದುಪಡಿಯಿಂದ ರಾಷ್ಟ್ರಪತಿಗಳಿಗೆ ಲಭಿಸಿತ್ತು. ಅವರು ಅದನ್ನು ಅಲ್ಲಿ ಬಳಸಲಿಲ್ಲ. ಮರುವರ್ಷ ಲಾಭದ ಹುದ್ದೆಗಳ ಮಸೂದೆಯನ್ನು ಮಾತ್ರ ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಪುನಃ ಅಂಗೀಕರಿಸಿ ಕಳುಹಿಸಿದಾಗ ಸಹಿ ಮಾಡಿದರು.

ಇಲ್ಲಿ ನಮ್ಮ ನಾಡಿನ ಬಿ.ಡಿ. ಜತ್ತಿಯವರ ನೆನಪಾಗುತ್ತದೆ. ಅವರು ಪಕ್ಷರಾಜಕೀಯದಲ್ಲಿಯೇ ಬೆಳೆದವರು, ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. 1977ರ ಏಪ್ರಿಲ್ ಕೊನೆಯಲ್ಲಿ ಹಂಗಾಮಿ ರಾಷ್ಟ್ರಪತಿಗಳಾಗಿದ್ದಾಗ, ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರಕಾರವು ಸಲಹೆ ನೀಡಿತು. ಸಲಹೆಯನ್ನು ಹಿಂದಿರುಗಿಸುವ ಅಧಿಕಾರ ಆಗ ಇನ್ನೂ ಬಂದಿರಲಿಲ್ಲ. ಆದರೂ ಅವರು ಅಂಕಿತ ಹಾಕಲು ಸ್ವಲ್ಪ ಕಾಲ ತಡೆದು, 30ರಂದು ಸಹಿ ಮಾಡಿದರು. ಆ ಅಲ್ಪ ವಿಳಂಬವನ್ನೇ ಹಳೆಯ ಪಕ್ಷದ ಮೇಲಣ ಮಮತೆಯೆಂದು ಅನೇಕರು ಆಡಿಕೊಂಡರು. ಅದು ಮಮತೆಯೋ ವಿವೇಕವೋ ಎಂಬುದನ್ನು ಅವರ ಪೂರ್ವಾಶ್ರಮವನ್ನು ನೋಡಿ ನಿರ್ಣಯಿಸುವುದು ನ್ಯಾಯವಲ್ಲವೆಂದು ನನ್ನ ಮತ. ಪಕ್ಷದವರೆಂಬ ಕಾರಣಕ್ಕೆ ಜತ್ತಿಯವರ ವಿಳಂಬವನ್ನು ಶಂಕಿಸುವವರು, ಪಕ್ಷವಿಲ್ಲದವರೆಂಬ ಕಾರಣಕ್ಕೆ ಕಲಾಂ ಅವರ ತ್ವರೆಯನ್ನು ಮನ್ನಿಸಿಬಿಡುತ್ತೇವೆ.

ಆ ಹುಡುಗಿಯ ಬಹುಮಾನವನ್ನು ಹಿಂದಕ್ಕೆ ಪಡೆಯುವ ಉದ್ದೇಶವಿಲ್ಲ. ಆಕೆಯ ನಿರರ್ಗಳ ಭಾಷೆಗೆ ಅದು ಸಲ್ಲತಕ್ಕದ್ದೇ. ಬರುವ ವರ್ಷ ಇದೇ ವಿಷಯವನ್ನಿಟ್ಟು, ಆಕೆಯನ್ನು ವಿರೋಧಪಕ್ಷದಲ್ಲಿ ಮಾತನಾಡಿಸಬೇಕೆಂದಿದ್ದೇನೆ.