ಒಂದೇ ಅವಧಿ, ಎರಡು ತರಗತಿ: ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಧರ್ಮಬೋಧನೆ

ಶಿಕಾರಿಪುರ, ಸೊರಬ ಭಾಗದಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ. ಆದ್ದರಿಂದ ಇಲ್ಲಿ ಕ್ರೈಸ್ತ ಆಡಳಿತದ ಶಾಲೆಗೆ ಬೋಧನಾಭ್ಯಾಸಕ್ಕೆ ಹೋದರೂ ನಮ್ಮ ಮುಂದೆ ಕೂರುವ ಬಹುಪಾಲು ಮಕ್ಕಳು ಬೇರೆ ಧರ್ಮದವರೇ. ಅಂಥ ಶಾಲೆಯಲ್ಲಿ ಧರ್ಮವನ್ನು ಕಲಿಸುವ ಬಗೆಯನ್ನು, ನಮ್ಮ ಬೋಧನಾ ವಿಷಯ ವಿಜ್ಞಾನವೇ ಆಗಿದ್ದರೂ, ತಿಳಿದಿರಬೇಕು.

ಕಥೋಲಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದೇ ಅವಧಿಯಲ್ಲಿ ಮಕ್ಕಳು ಎರಡು ಗುಂಪಾಗುತ್ತಾರೆ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ: ಜಪಗಳು, ಹತ್ತು ಕಟ್ಟಳೆಗಳು, ಬೈಬಲ್ ಕಥೆಗಳು, ಪ್ರಥಮ ಪರಮಪ್ರಸಾದದ ಸಿದ್ಧತೆ. ಉಳಿದವರಿಗೆ ಮೌಲ್ಯಶಿಕ್ಷಣ: ಪ್ರಾಮಾಣಿಕತೆ, ಸಹಾಯ, ಕ್ಷಮೆ ಮುಂತಾದ ಪಾಠಗಳು.

ಈ ವಿಂಗಡಣೆಗೆ ಸಂವಿಧಾನದ ಆಧಾರವಿದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಧರ್ಮಬೋಧನೆಗೆ ಇಲ್ಲವೆ ಪೂಜೆ-ಪ್ರಾರ್ಥನೆಗೆ ಕಡ್ಡಾಯವಾಗಿ ಸೇರಿಸುವಂತಿಲ್ಲ. ಪೋಷಕರ ಒಪ್ಪಿಗೆ ಬೇಕು. ಹತ್ತು ವರ್ಷದ ಮಗುವಿಗೆ ಟೀಚರ್ ಹೇಳಿದ್ದೇ ಸತ್ಯ. 'ನನಗೆ ಬೇಡ' ಎನ್ನುವ ಧೈರ್ಯ ಅದಕ್ಕಿರುವುದಿಲ್ಲ. ಆ ಮಗುವಿನ ಪರವಾಗಿ ನಿಂತಿರುವುದು ಈ ವಿಧಿ.

ಹಾಗೆಂದು ಧರ್ಮದ ಮಾತೇ ಬೇಡವೆಂದಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಕೊಠಾರಿ ಆಯೋಗ (1964–66) ಹೇಳಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವ್ಯತ್ಯಾಸವನ್ನು ಒಪ್ಪಿತು.

ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಕಥೆಯನ್ನೇ ನೋಡೋಣ. ದರೋಡೆಕೋರರಿಂದ ಏಟು ತಿಂದು ದಾರಿಯಲ್ಲಿ ಬಿದ್ದವನನ್ನು ಇಬ್ಬರು ಕಂಡೂ ಕಾಣದಂತೆ ಹೋಗುತ್ತಾರೆ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ನಿಂತು, ಗಾಯಕ್ಕೆ ಬಟ್ಟೆ ಕಟ್ಟಿ, ಛತ್ರಕ್ಕೆ ಸೇರಿಸಿ, ಖರ್ಚನ್ನೂ ಕೊಡುತ್ತಾನೆ. ಧರ್ಮೋಪದೇಶದಲ್ಲಿ ಪಾಠದ ಉದ್ದೇಶ, ನೆರೆಯವರನ್ನು ಪ್ರೀತಿಸುವುದು ದೇವರ ಆಜ್ಞೆ ಎಂದು ಅರಿಯುವುದು. ಪಾಠ ಪ್ರಾರ್ಥನೆಯಲ್ಲಿ ಮುಗಿಯಬಹುದು. ಮೌಲ್ಯಶಿಕ್ಷಣದಲ್ಲಿ ಉದ್ದೇಶ, ನೊಂದವರಿಗೆ ನೆರವಾಗುವಾಗ ಜಾತಿ-ಮತ ನೋಡಬಾರದೆಂದು ಅರಿಯುವುದು. ಅಲ್ಲಿನ ಪ್ರಶ್ನೆ: 'ಶಿರಾಳಕೊಪ್ಪದ ರಸ್ತೆಯಲ್ಲಿ ಬೈಕಿನಿಂದ ಬಿದ್ದವರನ್ನು ಕಂಡರೆ ಏನು ಮಾಡುತ್ತೀರಿ?' 108ಕ್ಕೆ ಕರೆ ಮಾಡುವುದರವರೆಗೂ ಚರ್ಚೆ ಹೋಗಲಿ.

ಕಥೆ ಬೈಬಲಿನದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಾತಿನಲ್ಲಿ ಮಾತ್ರ ಎಚ್ಚರ ಬೇಕು. 'ಯೇಸು ನಮಗೆ ಆಜ್ಞಾಪಿಸಿದ್ದಾರೆ' ಎಂಬುದು ಧರ್ಮೋಪದೇಶದ ವಾಕ್ಯ. 'ಯೇಸು ಹೇಳಿದ ಈ ಕಥೆ ಕ್ರೈಸ್ತರ ಬೈಬಲಿನಲ್ಲಿದೆ' ಎಂಬುದು ಎಲ್ಲ ಮಕ್ಕಳ ಮುಂದೆ ಹೇಳಬಹುದಾದ ವಾಕ್ಯ. 'ನಮ್ಮ ದೇವರೂ ಹೀಗೇ ಹೇಳಿದ್ದಾರಾ ಮಿಸ್?' ಎಂದು ಮಗು ಕೇಳಿದರೆ, 'ಮನೆಯಲ್ಲಿ ಅಜ್ಜಿಯನ್ನು ಕೇಳಿ ಬಾ, ನಾಳೆ ಎಲ್ಲರಿಗೂ ಹೇಳು' ಎನ್ನಬಹುದು. ಮರುದಿನದ ಪಾಠಕ್ಕೆ ಅದೇ ಪೀಠಿಕೆ.

ಪೂರಕ ಉದಾಹರಣೆಗಳು ನಮ್ಮ ಊರುಗಳಲ್ಲೇ ಇವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠ ಶೈವ ಮಠ. ಆದರೂ ಅಲ್ಲಿ ವೇದಗಳ ಜೊತೆಗೆ ಬೌದ್ಧ ದರ್ಶನವನ್ನೂ ಓದುತ್ತಿದ್ದರು, ದೀನರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವೂ ಇದೆ, ಜೈನ ಬಸದಿಯೂ ಇದೆ.

ಮೌಲ್ಯಮಾಪನದಲ್ಲಿಯೂ ಈ ಗೆರೆ ಉಳಿಯಬೇಕು. ಧರ್ಮೋಪದೇಶದಲ್ಲಿ ಜಪವನ್ನು ಬಾಯಿಪಾಠ ಒಪ್ಪಿಸಲು ಹೇಳಬಹುದು. ಮೌಲ್ಯಶಿಕ್ಷಣದಲ್ಲಿ ಮಗುವಿನ ತಿಳಿವಳಿಕೆ, ನಡವಳಿಕೆಗಳನ್ನು ಗಮನಿಸಬಹುದು. ನಂಬಿಕೆಗೆ ಅಂಕ ಹಾಕುವಂತಿಲ್ಲ. ಪಾಠಯೋಜನೆ ಬರೆಯುವ ಮೊದಲು ಮುಖ್ಯೋಪಾಧ್ಯಾಯರನ್ನು ಎರಡು ವಿಷಯ ಕೇಳಿಕೊಳ್ಳುವುದು ಒಳ್ಳೆಯದು: ನನಗೆ ಕೊಟ್ಟಿರುವುದು ಯಾವ ಗುಂಪು? ಪೋಷಕರ ಒಪ್ಪಿಗೆ ಇದೆಯೇ?