ಟಾಸ್ಮೇನಿಯಾದ ವೊಂಬ್ಯಾಟ್, ಚಿಂಚೋಳಿಯ ತೋಳ

ವಿದೇಶದಲ್ಲಿ ಓದುವುದರ ಬಗ್ಗೆ ಊರಿನ ಗೆಳೆಯರು ಕೇಳುವುದು ಫೀಸು, ವೀಸಾ, ಐಇಎಲ್‌ಟಿಎಸ್, ಪಾರ್ಟ್‌ಟೈಮ್ ಕೆಲಸ, ಇಷ್ಟನ್ನೇ. ಶನಿವಾರ, ಭಾನುವಾರ ಏನು ಮಾಡುತ್ತೀ ಎಂದು ಯಾರೂ ಕೇಳುವುದಿಲ್ಲ. ಆದರೆ ಮನೆ ಬಿಟ್ಟು ಹೋದವರನ್ನು ನಿಜವಾಗಿ ಕಾಡುವುದು ಆ ಎರಡು ದಿನಗಳೇ. ಸೋಮವಾರದಿಂದ ಶುಕ್ರವಾರದವರೆಗೆ ತರಗತಿ, ಲ್ಯಾಬ್, ಅಸೈನ್‌ಮೆಂಟ್ ನಮ್ಮನ್ನು ಹೇಗೋ ಎಳೆದುಕೊಂಡು ಹೋಗುತ್ತವೆ. ವಾರಾಂತ್ಯ ಬಂತೆಂದರೆ ರೂಮಿನ ನಾಲ್ಕು ಗೋಡೆ, ಕೈಯಲ್ಲೊಂದು ಮೊಬೈಲು ಮತ್ತು ಊರಿನ ನೆನಪು.

ನಾನು ಸೇಡಂನವಳು. ನಮ್ಮದು ತೊಗರಿ ಬೆಳೆಯುವ ಮನೆ. ಕೃಷಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದಲು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ಗೆ ಹೋದೆ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಹಡಗು ಹೊರಟರೆ ಸಿಗುವುದು ಅಂಟಾರ್ಕ್ಟಿಕಾವೇ. ಬೇಸಿಗೆಯಲ್ಲಿ ಪರ್ಸಿ ಕಲ್ಲಿನ ಮನೆಯೊಳಗೂ ಬೆವರುವ ನಮಗೆ ಜೂನ್ ತಿಂಗಳಲ್ಲಿ ಊರಿನ ಬೆನ್ನಿಗಿರುವ ಬೆಟ್ಟದ ಮೇಲೆ ಹಿಮ ಬಿದ್ದಿರುವುದನ್ನು ನೋಡುವುದೇ ಒಂದು ಅಚ್ಚರಿ.

ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾ ಇರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಹೀಗಾಗಿ ದುಡಿದರೂ ಸ್ವಲ್ಪ ಸಮಯ ಉಳಿಯುತ್ತದೆ, ದುಡ್ಡು ಮಾತ್ರ ಉಳಿಯುವುದಿಲ್ಲ. ದುಡ್ಡಿಲ್ಲದೆ ಸಮಯ ಕಳೆಯಲು ಸಿಕ್ಕ ದಾರಿ ಎಂದರೆ ನಡಿಗೆ. ಸಾಹಸ ಮಾಡಬೇಕೆಂಬ ಹುಮ್ಮಸ್ಸಿನಿಂದಲ್ಲ, ಹೀಗೆ ಲೆಕ್ಕ ಹಾಕಿಯೇ ನಾನು ಕಾಡಿಗೆ ಹೋಗಲು ಶುರು ಮಾಡಿದ್ದು.

ಮೊದಲ ಪಾಠ ಊರೊಳಗೇ ಆಯಿತು. ಹೋಬಾರ್ಟ್ ನಗರದ ನಡುವೆ ಒಂದು ಚಿಕ್ಕ ಹಳ್ಳ ಹರಿಯುತ್ತದೆ. ಅದರಲ್ಲಿ ಪ್ಲಾಟಿಪಸ್ ಇದೆ. ಬಾತುಕೋಳಿಯಂಥ ಕೊಕ್ಕು, ತುಪ್ಪಳದ ಮೈ, ಮೊಟ್ಟೆ ಇಟ್ಟು ಮರಿಗೆ ಹಾಲೂಡಿಸುವ ಪ್ರಾಣಿ. ಗಂಡಿನ ಹಿಂಗಾಲಿನಲ್ಲಿ ವಿಷದ ಮುಳ್ಳು ಬೇರೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಪರೀಕ್ಷೆಗೆಂದು ಉರು ಹೊಡೆದಿದ್ದ ಆ ಪ್ರಾಣಿ ಕಾಲ್ನಡಿಗೆಯ ದೂರದಲ್ಲಿದೆ ಎಂದರೆ ಬಿಡಲಾದೀತೇ? ನಸುಕಿನಲ್ಲೋ ಮುಸ್ಸಂಜೆಯಲ್ಲೋ ಹೋಗಬೇಕು ಎಂದರು. ಮೂರು ಭಾನುವಾರ ಹೋಗಿ ಬರಿಗೈಯಲ್ಲಿ ಬಂದೆ. ನಾಲ್ಕನೆಯ ವಾರ ನಾಯಿ ಅಡ್ಡಾಡಿಸಲು ಬಂದಿದ್ದ ಅಜ್ಜಿಯೊಬ್ಬರು, ಪ್ರಾಣಿಯನ್ನು ಹುಡುಕಬೇಡ, ನೀರಿನ ಮೇಲೆ ಏಳುವ ಗುಳ್ಳೆಗಳನ್ನು ನೋಡು ಎಂದು ಹೇಳಿಕೊಟ್ಟರು. ಹತ್ತು ನಿಮಿಷದಲ್ಲಿ ಗುಳ್ಳೆಗಳ ಸಾಲು ಎದ್ದಿತು, ಅದರ ಹಿಂದೆಯೇ ಒದ್ದೆ ಕಂದು ಬೆನ್ನೊಂದು ಮೇಲೆ ಬಂದು ಮತ್ತೆ ಮುಳುಗಿತು. ಅಷ್ಟೇ. ಆದರೂ ಅಂದು ಇಡೀ ದಿನ ಯಾರೋ ಬಳಗದವರು ಸಿಕ್ಕಂತೆ ಖುಷಿಯಾಗಿದ್ದೆ.

ಆಮೇಲೆ ನೇಪಾಳದ ಇಬ್ಬರು, ಕೇರಳದ ಒಬ್ಬಳು ಮತ್ತು ನಾನು ಸೇರಿ ಒಂದು ಗುಂಪಾಯಿತು. 1,271 ಮೀಟರ್ ಎತ್ತರದ ಮೌಂಟ್ ವೆಲ್ಲಿಂಗ್ಟನ್ ಹತ್ತಿದೆವು. ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಅದು ಕುನಾನ್ಯಿ, ಈಗ ಅಧಿಕೃತವಾಗಿಯೂ ಎರಡೂ ಹೆಸರು ಇವೆ. ಕೆಳಗೆ ಬಿಸಿಲಿದ್ದರೆ ಮೇಲೆ ಮಂಜು ಕವಿದಿರುತ್ತದೆ. ಬ್ರೂನಿ ದ್ವೀಪದಲ್ಲಿ ಕತ್ತಲಾದ ಮೇಲೆ ಮರಳ ದಂಡೆಯಲ್ಲಿ ಕುಳಿತು, ಮೊಳದಷ್ಟೂ ಎತ್ತರವಿಲ್ಲದ ಪುಟ್ಟ ಪೆಂಗ್ವಿನ್‌ಗಳು ಕಡಲಿನಿಂದ ಗೂಡಿಗೆ ಮರಳುವುದನ್ನು ನೋಡಿದೆವು. ಟಾರ್ಚಿಗೆ ಕೆಂಪು ಹಾಳೆ ಸುತ್ತಿರಬೇಕು, ಬಿಳಿ ಬೆಳಕು ಅವುಗಳಿಗೆ ಆಗದು.

ಮರೆಯಲಾಗದ ವಾರಾಂತ್ಯವೆಂದರೆ ಮರಾಯ ದ್ವೀಪದ್ದು. ಟ್ರಯಬನ್ನಾ ಎಂಬ ಊರಿನಿಂದ ಫೆರಿಯಲ್ಲಿ ಅರ್ಧ ತಾಸಿನ ಪ್ರಯಾಣ. ದ್ವೀಪದಲ್ಲಿ ಅಂಗಡಿಯಿಲ್ಲ, ಪ್ರವಾಸಿಗರು ಕಾರು ಒಯ್ಯುವಂತಿಲ್ಲ. ಉಣ್ಣುವುದನ್ನೆಲ್ಲ ಹೊತ್ತೇ ಹೋಗಬೇಕು. ರೂಮಿನಲ್ಲೇ ಕುಟ್ಟಿದ ಶೇಂಗಾ ಹಿಂಡಿ, ಚಪಾತಿ ಕಟ್ಟಿಕೊಂಡು ಹೋದೆವು. ಬ್ರಿಟಿಷರು ಕೈದಿಗಳನ್ನು ಇಟ್ಟಿದ್ದ ಡಾರ್ಲಿಂಗ್ಟನ್ ಎಂಬ ನೆಲೆ ಅಲ್ಲಿದೆ. 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣಗಳಲ್ಲಿ ಇದೂ ಒಂದು. ಆ ಹಳೆಯ ಜೈಲಿನ ಕೋಣೆಗಳಲ್ಲೇ ಪ್ರವಾಸಿಗರು ರಾತ್ರಿ ತಂಗುತ್ತಾರೆ.

ಸಂಜೆಯಾಗುತ್ತಲೇ ವೊಂಬ್ಯಾಟ್‌ಗಳು ಬಿಲದಿಂದ ಹೊರಬಂದು ಹುಲ್ಲು ಮೇಯತೊಡಗಿದವು. ಗುಂಡನೆಯ ಮೈ, ಗಿಡ್ಡ ಕಾಲು. ಹೊಟ್ಟೆಯ ಚೀಲ ಹಿಂದಕ್ಕೆ ಬಾಯಿ ತೆರೆದಿರುತ್ತದೆ, ಬಿಲ ತೋಡುವಾಗ ಮಣ್ಣು ಮರಿಯ ಮೇಲೆ ಬೀಳಬಾರದಲ್ಲ! ಅದು ಹಾಕುವ ಹಿಕ್ಕೆ ದಾಳದಂತೆ ಚೌಕಾಕಾರ. ಒಂದು ವೊಂಬ್ಯಾಟ್ ಮೇಯುತ್ತಾ ನಮ್ಮ ಕಡೆಗೇ ಬಂತು. ಗೆಳತಿ ಮೊಬೈಲು ಹಿಡಿದು ಮುಂದೆ ಹೋಗಹೊರಟಳು, ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗ ಬೆರಳೆತ್ತಿ ತಡೆದ. ಸೆಲ್ಫಿ ಕೋಲು ಹಿಡಿದು ಬೆನ್ನಟ್ಟುವುದಿಲ್ಲ, ಮರಿಗಳ ಹತ್ತಿರ ಹೋಗುವುದಿಲ್ಲ ಎಂದು ವೊಂಬ್ಯಾಟ್‌ಗೆ ಕೊಡುವ ಪ್ರತಿಜ್ಞೆಯೊಂದು ಆ ದ್ವೀಪದಲ್ಲಿದೆ. ಹುಡುಗನಿಗೆ ಅದು ಬಾಯಿಪಾಠವಾಗಿತ್ತು. ನಾವು ನಿಂತಲ್ಲೇ ನಿಂತೆವು. ಅದು ಮೇಯುತ್ತಾ ನಮ್ಮನ್ನು ದಾಟಿ ಹೋಯಿತು.

ಅದೇ ದ್ವೀಪದಲ್ಲಿ ಟಾಸ್ಮೇನಿಯನ್ ಡೆವಿಲ್ ಕೂಡ ಇದೆ. 1996ರಲ್ಲಿ ಮೊದಲು ಕಂಡುಬಂದ ಮುಖದ ಕ್ಯಾನ್ಸರ್ ಒಂದು ಡೆವಿಲ್‌ಗಳು ಪರಸ್ಪರ ಕಚ್ಚುವುದರಿಂದ ಹರಡಿ ಅವುಗಳ ಸಂಖ್ಯೆಯನ್ನು ತೀರಾ ಇಳಿಸಿತು. ರೋಗವಿಲ್ಲದ ಪ್ರಾಣಿಗಳನ್ನಾದರೂ ಉಳಿಸೋಣವೆಂದು 2012ರಲ್ಲಿ ಕೆಲವನ್ನು ಇಲ್ಲಿ ತಂದು ಬಿಟ್ಟರು. ಡೆವಿಲ್‌ಗಳು ಉಳಿದವು, ಆದರೆ ದ್ವೀಪದಲ್ಲಿದ್ದ ಪುಟ್ಟ ಪೆಂಗ್ವಿನ್‌ಗಳು ಅವಕ್ಕೆ ಆಹಾರವಾಗಿ ಇಲ್ಲವಾದವು. ಕಳೆದುಹೋಗುತ್ತಿರುವುದನ್ನು ತಡವಾಗಿ ಕಾಪಾಡಲು ಹೊರಟರೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಅಲ್ಲಿ ಅರ್ಥವಾಯಿತು.

ಇದು ಇನ್ನೂ ಚೆನ್ನಾಗಿ ಅರ್ಥವಾಗಿದ್ದು ಒಂದು ಮಳೆಯ ಶನಿವಾರ, ಹೋಬಾರ್ಟ್‌ನ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿ ಪ್ರವೇಶ ಉಚಿತ. ಒಳಗೆ ಥೈಲಸೀನ್‌ಗೆಂದೇ ಒಂದು ವಿಭಾಗವಿದೆ. ನಾಯಿಯಂಥ ತಲೆ, ಬೆನ್ನಿಗೆ ಹುಲಿಯಂಥ ಪಟ್ಟೆ, ಕಾಂಗರೂವಿನಂತೆ ಹೊಟ್ಟೆಯಲ್ಲಿ ಚೀಲ. ಬಂದು ನೆಲೆಸಿದ ಬಿಳಿಯರು ಅದನ್ನು ಟಾಸ್ಮೇನಿಯಾದ ಹುಲಿ ಎಂದರು, ಟಾಸ್ಮೇನಿಯಾದ ತೋಳ ಎಂದೂ ಕರೆದರು. ಕುರಿ ತಿನ್ನುತ್ತದೆ ಎಂಬುದು ಅದರ ಮೇಲಿನ ದೂರು. 1888ರಲ್ಲಿ ಅಲ್ಲಿನ ಸರ್ಕಾರವೇ ಕೊಂದವರಿಗೆ ಬಹುಮಾನ ಗೊತ್ತುಮಾಡಿತು: ಬೆಳೆದ ಪ್ರಾಣಿಗೆ ಒಂದು ಪೌಂಡ್, ಮರಿಗೆ ಹತ್ತು ಶಿಲ್ಲಿಂಗ್. 1909ರವರೆಗೆ 2,184 ಬಹುಮಾನ ಕೊಟ್ಟ ದಾಖಲೆಯಿದೆ. 1936ರ ಜುಲೈನಲ್ಲಿ ಥೈಲಸೀನ್‌ಗೆ ಕಾನೂನಿನ ರಕ್ಷಣೆ ಸಿಕ್ಕಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 7ರಂದು, ಹೋಬಾರ್ಟ್ ಮೃಗಾಲಯದಲ್ಲಿದ್ದ ಕೊನೆಯ ಥೈಲಸೀನ್ ಸತ್ತಿತು. ಅದರ ಚರ್ಮ, ಎಲುಬು ಎಲ್ಲಿ ಹೋಯಿತೆಂಬುದೂ ದಶಕಗಳ ಕಾಲ ತಿಳಿದಿರಲಿಲ್ಲ. ಅವು ಇದೇ ವಸ್ತುಸಂಗ್ರಹಾಲಯದಲ್ಲಿ ಇದ್ದವೆಂದು ಗೊತ್ತಾದದ್ದು 2022ರಲ್ಲಿ. ಈಗ ಆಸ್ಟ್ರೇಲಿಯಾದಲ್ಲಿ ಸೆಪ್ಟೆಂಬರ್ 7 ಅಳಿವಿನಂಚಿನ ಜೀವಿಗಳ ದಿನ.

ಆ ರಾತ್ರಿ ಮನೆಗೆ ಫೋನ್ ಮಾಡಿ ಮುತ್ಯಾನಿಗೆ ಇದನ್ನೆಲ್ಲ ಹೇಳಿದೆ. ಮುತ್ಯಾ ಪೂರ್ತಿ ಕೇಳಿ, ‘ಆ ದೇಶದಾಗ ತೋಳ ಸತ್ತು ಹೋಯ್ತಂತ ಅಳ್ಲತ್ತಿ. ಮೊನ್ನಿ ರಾತ್ರಿ ನಮ್ಮ ಹೊಲದಾಗ ಕುರಿ ತರುಬಿದ್ರು. ತೋಳ ಬಂದಿತ್ತಂತ, ನಾಯಿ ಓಡಿಸ್ಯಾವ. ನಮ್ಮಲ್ಲಿ ಇನ್ನಾ ಅದಾವ್ ತಂಗಿ’ ಎಂದ. ಕುರಿಯವರು ಸಿಟ್ಟಾಗಲಿಲ್ಲವೇ ಎಂದು ಕೇಳಿದೆ. ‘ಸಿಟ್ಟು ಬರ್ದೇ ಇರ್ತದೇನು? ಖರೆ ಅದಕ್ಕೂ ಹೊಟ್ಟಿ ಅದಲ್ಲ’ ಎಂದ.

ಪ್ಲಾಟಿಪಸ್‌ಗಾಗಿ ನಾಲ್ಕು ಭಾನುವಾರ ಕಾದವಳಿಗೆ ನಮ್ಮೂರ ತೋಳದ ಬಗ್ಗೆ ‘ತೋಳ ಬಂತು ತೋಳ’ ಕಥೆ ಬಿಟ್ಟರೆ ಬೇರೇನೂ ತಿಳಿದಿರಲಿಲ್ಲ. ಆ ವಾರವೆಲ್ಲ ಓದಿದೆ. ಭಾರತದಲ್ಲಿ ಉಳಿದಿರುವ ತೋಳಗಳು ಸುಮಾರು 3,100 ಎಂಬುದು ವಿಜ್ಞಾನಿಗಳ ಅಂದಾಜು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯ ಜೊತೆ ಮೊದಲ ಪರಿಚ್ಛೇದದಲ್ಲೇ ಅದಕ್ಕೂ ಜಾಗವಿದೆ. ಆದರೆ ಹುಲಿಗಿರುವಂತೆ ದಟ್ಟ ಕಾಡಿನ ಆಸರೆ ಅದಕ್ಕಿಲ್ಲ. ಅದರ ಮನೆ ಕುರುಚಲು ಗಿಡಗಳ ಬಯಲು, ಹುಲ್ಲುಗಾವಲು, ಹಳ್ಳದ ದಂಡೆ. ಕಂದಾಯದ ಭಾಷೆಯಲ್ಲಿ ಬಂಜರು, ಬೀಳು. ಮೊಲ, ಇಲಿ ಹಿಡಿದು ರೈತನಿಗೂ ಉಪಕಾರ ಮಾಡುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ದೇಶದಲ್ಲೂ ತೋಳ ಕೊಂದವರಿಗೆ ಇನಾಮು ಸಿಗುತ್ತಿತ್ತು. ಆದರೂ ಅದು ಉಳಿಯಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದರೆ ಹೊರಗಿನವರಿಗೆ ನೆನಪಾಗುವುದು ಸುಣ್ಣದಕಲ್ಲು, ಸಿಮೆಂಟು, ಪರ್ಸಿ ಕಲ್ಲು. ಅದರಲ್ಲಿ ತಪ್ಪಿಲ್ಲ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಆ ದುಡಿಮೆಯಿಂದಲೇ. ನನ್ನ ವಿಮಾನದ ಟಿಕೆಟ್ಟಿಗೆ ದುಡ್ಡು ಕೊಟ್ಟ ಸೋದರಮಾವನೂ ಸಿಮೆಂಟ್ ಫ್ಯಾಕ್ಟರಿಯ ಕೆಲಸಗಾರ. ಆದರೆ ಬೀಳು ಎಂದು ಬರೆದ ಜಾಗದಲ್ಲಿ ಯಾರೂ ಇಲ್ಲ ಎಂದುಕೊಂಡರೆ ಗಣಿಯೋ, ಲೇಔಟೋ, ಏನು ಬಂದರೂ ಕೇಳುವವರಿರುವುದಿಲ್ಲ. ಅಲ್ಲಿ ಯಾರಿದ್ದಾರೆ ಎಂದು ಹೇಳಬೇಕಾದವರು ಅಲ್ಲಿಯೇ ಓದುತ್ತಿರುವ ನಾವು.

ನಮ್ಮ ಜಿಲ್ಲೆಯಲ್ಲಿ ಇಂಥ ನೆಲಕ್ಕೆ ರಕ್ಷಣೆ ಸಿಕ್ಕ ಉದಾಹರಣೆಯೂ ಇದೆ. ತೆಲಂಗಾಣದ ಗಡಿಗೆ ತಾಗಿರುವ ಚಿಂಚೋಳಿ ವನ್ಯಜೀವಿ ಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಎಂಬ ಹೆಸರು ಅದಕ್ಕಿದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಅಲ್ಲಿವೆ. ಶ್ರೀಗಂಧ, ರಕ್ತಚಂದನ, ಕಕ್ಕೆ ಮರಗಳಿವೆ. ಒಳಗೆ ಲಂಬಾಣಿ ತಾಂಡಾಗಳೂ ಇವೆ. ಚಂದ್ರಂಪಳ್ಳಿ ಜಲಾಶಯವಿದೆ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ ಧುಮುಕುತ್ತದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಂತೂ ತೋಳಗಳಿಗೆಂದೇ ಒಂದು ಧಾಮವಾಗಿದೆ.

ಡಿಸೆಂಬರ್ ರಜೆಗೆ ಊರಿಗೆ ಬಂದಾಗ ತಮ್ಮ ಮತ್ತು ಅವನ ಇಬ್ಬರು ಗೆಳೆಯರನ್ನು ಕರೆದುಕೊಂಡು ಚಂದ್ರಂಪಳ್ಳಿಗೆ ಹೋದೆ. ಮೂವರೂ ಡಿಗ್ರಿ ಮುಗಿಸಿ ಕೆಪಿಎಸ್‌ಸಿಗೆ ಓದುತ್ತಿರುವವರು. ಭಾನುವಾರ ಹಾಳಾಯಿತೆಂದು ಬಸ್ಸಿನಲ್ಲಿ ಗೊಣಗುತ್ತಿದ್ದರು. ಬೆಳಗಿನ ಬಿಸಿಲಿನಲ್ಲಿ ಕಾಜಾಣ, ಕವುಜುಗ ಕಂಡವು. ಆಮೇಲೆ ಕುರಿ ಕಾಯುವ ಹಿರಿಯರೊಬ್ಬರು ಹಳ್ಳದ ಹಸಿ ಮಣ್ಣಿನಲ್ಲಿ ಮೂಡಿದ್ದ ಹೆಜ್ಜೆಯ ಸಾಲು ತೋರಿಸಿದರು. ನಾಯಿಯ ಹೆಜ್ಜೆ ಅತ್ತಿತ್ತ ಅಲೆಯುತ್ತದೆ, ತೋಳದ್ದು ದಾರ ಹಿಡಿದಂತೆ ನೆಟ್ಟಗೆ ಹೋಗುತ್ತದೆ ಎಂದರು. ಹುಡುಗರು ಮೊಣಕಾಲೂರಿ ಕುಳಿತು ನೋಡಿದರು. ತೋಳ ಮಾತ್ರ ಕಾಣಲಿಲ್ಲ. ಹೋಬಾರ್ಟ್‌ನ ಗಾಜಿನ ಪೆಟ್ಟಿಗೆಯಲ್ಲಿ ಥೈಲಸೀನ್ ಯಾವಾಗ ಹೋದರೂ ಕಾಣುತ್ತದೆ, ಆದರೆ ಅದು ಇಲ್ಲ. ಇಲ್ಲಿ ಕಾಣದಿದ್ದರೂ ಇದೆ.

ಗೆಳೆಯರೇ, ನೀವು ಮುಂದೆ ಯಾವ ದೇಶಕ್ಕೆ ಓದಲು ಹೋದರೂ ವಾರಾಂತ್ಯವನ್ನು ರೂಮಿನಲ್ಲಿ ಕಳೆಯಬೇಡಿ. ಒಬ್ಬರೇ ಹೋಗಬೇಡಿ. ದಾರಿಯ ಆರಂಭದಲ್ಲಿ ಇಟ್ಟಿರುವ ವಹಿಯಲ್ಲಿ ಹೆಸರು, ಮರಳುವ ಸಮಯ ಬರೆಯಿರಿ. ಹವಾಮಾನ ನೋಡಿಕೊಂಡು ಹೊರಡಿ. ಟಾಸ್ಮೇನಿಯಾದಲ್ಲಿರುವ ಮೂರು ಬಗೆಯ ಹಾವುಗಳೂ ವಿಷದವು, ಬೂಟು ಬೇಕೇ ಬೇಕು. ರಾತ್ರಿ ಗಾಡಿ ನಿಧಾನವಾಗಿ ಓಡಿಸಿ, ಅಲ್ಲಿನ ರಸ್ತೆಗಳಲ್ಲಿ ಗಾಡಿಗೆ ಸಿಕ್ಕಿ ಸತ್ತ ವಾಲಬಿಗಳನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ವಿದೇಶಕ್ಕೆ ಹೋಗುವ ತನಕ ಕಾಯಬೇಕೆಂದೂ ಇಲ್ಲ. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಚಿಂಚೋಳಿ ಕಡೆಗೆ ಹೋಗಲು ಒಳ್ಳೆಯ ಕಾಲ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಅನುಮತಿ ಪಡೆದು ಹೋಗಿ. ತೋಳದ ಗುಹೆ ಕಂಡರೆ ಹತ್ತಿರ ಹೋಗಬೇಡಿ, ಜಾಗದ ಹೆಸರು ಹಾಕಿ ಸ್ಟೇಟಸ್ ಇಡಬೇಡಿ. ಕಂಡ ಹಕ್ಕಿಯನ್ನು ಇ-ಬರ್ಡ್‌ನಲ್ಲಿ, ಉಳಿದ ಜೀವಿಗಳನ್ನು ಐನ್ಯಾಚುರಲಿಸ್ಟ್‌ನಲ್ಲಿ ದಾಖಲಿಸಿ. ಎರಡೂ ಉಚಿತ. ಕುರಿ ಕಳೆದುಕೊಂಡವರು ಸಿಕ್ಕರೆ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗಿ. ಓದಿದವರು ಬರೆದುಕೊಡುವ ಒಂದು ಅರ್ಜಿಯಿಂದ ಕುರಿಯವನ ಸಿಟ್ಟೂ ಇಳಿಯಬಹುದು, ತೋಳದ ಜೀವವೂ ಉಳಿಯಬಹುದು.

ನನ್ನ ತಮ್ಮ ಈಗ ಕೆಪಿಎಸ್‌ಸಿ ಪುಸ್ತಕಗಳ ಜೊತೆಗೆ ಗಸ್ತು ಅರಣ್ಯ ಪಾಲಕರ ನೇಮಕಾತಿಯ ಓಟಕ್ಕೂ ತಯಾರಿ ನಡೆಸಿದ್ದಾನೆ. ಬೆಳಿಗ್ಗೆ ಐದಕ್ಕೆ ಎದ್ದು ಕಾಗಿಣಾ ದಂಡೆಯ ಕಡೆ ಓಡಲು ಹೋಗುತ್ತಾನಂತೆ. ವಾರಕ್ಕೊಮ್ಮೆ ನನಗೆ ಕೆಸರಿನಲ್ಲಿ ಮೂಡಿದ ಹೆಜ್ಜೆಗಳ ಫೋಟೊ ಕಳಿಸುತ್ತಾನೆ. ಇದುವರೆಗೆ ಬಂದದ್ದೆಲ್ಲ ನಾಯಿಯದ್ದೇ.